ಮೇಲೇಳದ ಕೈ

ಹೋದ ವರ್ಷ ಒಂದು ಬೆಳಿಗ್ಗೆ ಕರಿಹಲಗೆಯ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ಹೋದರೆ ಬಲಗೈ ಮೇಲೇಳಲೇ ಇಲ್ಲ. ಮಕ್ಕಳಿಗೆ ತಿಳಿಯಬಾರದೆಂದು ಹಲಗೆಯ ನಡುವೆಯೇ ಬರೆದೆ. ಮನೆಯಲ್ಲಿ ಜಡೆ ಹೆಣೆದುಕೊಳ್ಳಲಾಗದಿದ್ದರೂ ಸೊಸೆಯನ್ನು ಕರೆಯಲು ಬಿಗುಮಾನ. ಎಡಗೈಯಲ್ಲೇ ಕ್ಲಿಪ್ಪು ಸಿಕ್ಕಿಸಿಕೊಂಡು ಹೊರಡುತ್ತಿದ್ದೆ. ಹಟದಿಂದ ಕೈಯನ್ನು ಮೇಲಕ್ಕೆಳೆದು ನೋವು ಹೆಚ್ಚಿಸಿಕೊಂಡದ್ದೇ ಬಂತು.

ಡಾಕ್ಟರು ಫ್ರೋಜನ್ ಶೋಲ್ಡರ್ ಎಂದರು. 40ರಿಂದ 60ರೊಳಗಿನ ಹೆಂಗಸರಲ್ಲಿ ಇದು ಹೆಚ್ಚು. ಫಿಸಿಯೋಥೆರಪಿಯ ಹುಡುಗಿ ಚಮಚವನ್ನು ನೆಟ್ಟಗೆ ಹಿಡಿದು, ಅದರ ಕುಳಿಗೆ ನಿಂಬೆಹಣ್ಣು ಒತ್ತಿ ತೋರಿಸಿದಳು. ತೋಳಿನ ಮೂಳೆಯ ತಲೆ ಗುಂಡು. ಅದು ಕೂತ ಕುಳಿ ಅಷ್ಟೇನೂ ಆಳವಿಲ್ಲ.

"ಕೈ ಎತ್ತಿದಾಗ ಗುಂಡು ಮೇಲಕ್ಕೆ ಉರುಳುತ್ತೆ ಮೇಡಂ. ಬರೀ ಉರುಳಿದರೆ ಮೇಲಿನ ಮೂಳೆಗೆ ತಾಗುತ್ತೆ. ಅದಕ್ಕೇ ಉರುಳುತ್ತಲೇ ಕೆಳಕ್ಕೂ ಜಾರಬೇಕು. ನಿಮ್ಮ ಕೀಲಿನ ಸುತ್ತಲ ಚೀಲ ಬಿಗಿದುಕೊಂಡಿದೆ, ಜಾರೋಕೆ ಬಿಡ್ತಿಲ್ಲ."

ಅವಳು ನನ್ನ ಕೈಯನ್ನು ಮೇಲಕ್ಕೆ ಎಳೆಯಲಿಲ್ಲ. ಗುಂಡನ್ನು ಮೆಲ್ಲಗೆ ಕೆಳಕ್ಕೆ ಒತ್ತಿದಳು. ತಿಂಗಳುಗಳೇ ಹಿಡಿದವು. ಈಗ ಕೈ ಕಿವಿಯವರೆಗೆ ಬರುತ್ತದೆ, ಹಲಗೆಯ ಮೇಲ್ತುದಿಗೆ ಇನ್ನೂ ಇಲ್ಲ. ದಿನಾಂಕವನ್ನು ಮಕ್ಕಳು ಸರದಿಯಲ್ಲಿ ಬರೆಯುತ್ತಾರೆ. ಜಡೆ ಸೊಸೆ ಹಾಕುತ್ತಾಳೆ. "ಮೊದಲೇ ಕರೆಯಬಾರದಿತ್ತಾ ಅತ್ತೆ?" ಎಂದಳು.