ಡ್ರ್ಯಾಗನ್ನು, ಹಾರುವ ಓತಿ ಮತ್ತು ನಮ್ಮೂರ ಉಡ

ಮುನಿರಾಬಾದಿನಿಂದ ಹೊಸಪೇಟೆ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಹುಡುಗ ಹುಡುಗಿಯರ ಫೋನಿನೊಳಗೂ ಈಗ ಡ್ರ್ಯಾಗನ್ ಬಂದಿದೆ. ಮೊನ್ನೆ ಪಕ್ಕದ ಸೀಟಿನ ತಂಗಿಯೊಬ್ಬಳು ಓದುತ್ತಿದ್ದದ್ದು ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' ಎಂಬ ಇಂಗ್ಲಿಷ್ ಕಾದಂಬರಿ. 2023ರಲ್ಲಿ ಬಂದದ್ದು. ಪ್ರೀತಿ, ರಕ್ತ, ಸಾವು ಎಲ್ಲ ಇರುವ ದೊಡ್ಡವರ ಕಥೆ. ಅದರಲ್ಲಿ ಡ್ರ್ಯಾಗನ್ ತನ್ನ ಸವಾರನನ್ನು ತಾನೇ ಆರಿಸುತ್ತದೆ. ಬೇಡವಾದವರನ್ನು ಸುಟ್ಟು ಬೂದಿ ಮಾಡುತ್ತದೆ. ಆರಿಸಿಕೊಂಡ ಮೇಲೆ ಬಾಯಿ ಬಿಡದೆಯೇ ಇಬ್ಬರೂ ಮಾತಾಡಬಲ್ಲರು.

ಇಂಥ ಸವಾರಿಯ ಆಸೆ ನಮ್ಮ ಕಡೆಗೂ ಹೊಸದಲ್ಲ. ಹೊಳೆ ದಾಟಿ ಹಂಪಿಗೆ ಹೋಗಿ ವಿಠ್ಠಲ ದೇವಸ್ಥಾನದ ಕಂಬಗಳನ್ನು ನೋಡಿ. ಸಿಂಹದ ಮೈಯ, ಎದ್ದು ನಿಂತ ಯಾಳಿಯ ಬೆನ್ನ ಮೇಲೆ ಸವಾರ ಕೂತಿದ್ದಾನೆ.

ಆದರೆ ಡ್ರ್ಯಾಗನ್ ಕಾದಂಬರಿ ಅಂದಾಗ ನಮಗೆ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರ ಪುಸ್ತಕ. ಮೂಡಿಗೆರೆ ಕಡೆಯ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ಈ ಓತಿಗಳ ಗುಂಪಿಗೆ ವಿಜ್ಞಾನಿಗಳು ಇಟ್ಟ ಹೆಸರೇ 'ಡ್ರಾಕೊ', ಅಂದರೆ ಲ್ಯಾಟಿನ್ ಭಾಷೆಯಲ್ಲಿ ಡ್ರ್ಯಾಗನ್. 1758ರಲ್ಲಿ ಲಿನಿಯಸ್ ಕೊಟ್ಟ ಹೆಸರು. ಬಾಲ ಸೇರಿ ಗೇಣುದ್ದದ ಜೀವ. ಪಕ್ಕೆಲುಬು ಚಾಚಿದರೆ ಅದರ ಮೇಲಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯಲ್ಲಿ ಅದು ಯುಗಗಳ ಹಿಂದಿನ ವಿಸ್ಮಯ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇವತ್ತಿಗೂ ಕಾಣಸಿಗುತ್ತದೆ.

ಈ ಡ್ರ್ಯಾಗನ್ ಯಾರನ್ನೂ ಹೊತ್ತು ಹಾರುವುದಿಲ್ಲ. ಕೊನೆಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ಕಣಿವೆಯೊಳಗೆ ತೇಲಿ ಮರೆಯಾಗುತ್ತದೆ. ಕೈಗೆ ಸಿಗುವುದಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸುವವನು ಮಂದಣ್ಣ. ಜೇನು ಬಲ್ಲವನು. ಸರ್ಕಾರಿ ನೌಕರಿ ಸಿಕ್ಕರೆ ಮದುವೆ ಆದೀತು ಎಂದು ಕಾಯುವವನು. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವವನು. ಊರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಆಳು. ಆದರೆ ಓತಿಯನ್ನು ಮೊದಲು ಕಂಡವನು ಅವನು. ಅವನ ಕಣ್ಣಿನ ಬೆಲೆ ಗೊತ್ತಾದದ್ದು ವಿಜ್ಞಾನಿ ಕರ್ವಾಲೊಗೆ ಮಾತ್ರ.

ಹಾರುವ ಓತಿ ನಮ್ಮ ಒಣ ಕೊಪ್ಪಳ ಸೀಮೆಗೆ ಬರುವುದಿಲ್ಲ. ನಮ್ಮ ಡ್ರ್ಯಾಗನ್ ಉಡ. ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್ ಹತ್ತಡಿ ಬೆಳೆಯುವ ಉಡವೇ, ನಮ್ಮ ಉಡದ ಕುಲದ್ದೇ. ಕಾಲುವೆ ಏರಿ, ಹೊಲದ ಒಡ್ಡು, ಕಲ್ಲು ಗುಡ್ಡ ಇದರ ಮನೆ. ಹುಳು, ಏಡಿ, ಇಲಿ, ಹಕ್ಕಿ ಮೊಟ್ಟೆ, ಸತ್ತ ಪ್ರಾಣಿ ತಿಂದು ಬದುಕುತ್ತದೆ.

ಎಡದಂಡೆ ಕಾಲುವೆ ಪಕ್ಕ ಕುರಿ ಮೇಯಿಸುವ ಒಬ್ಬ ಅಜ್ಜ ನಮಗೆ ಒಂದು ಉಡ ತೋರಿಸಿದರು. "ಬಿಸಲು ಏರಿದ ಮ್ಯಾಲೆ ಹೊರಗ ಬರ್ತೈತ್ರೀ. ಬಾಲದ ತುದಿ ಇಲ್ಲ ನೋಡ್ರಿ, ನಾಯಿ ಕಡದೈತಿ. ಅದರಾಗ ಗುರ್ತು ಹಿಡೀತೀನಿ." ಹಲ್ಲಿಯ ಹಾಗೆ ಉಡದ ಬಾಲ ಮತ್ತೆ ಬೆಳೆಯುವುದಿಲ್ಲ. ಅಜ್ಜನ ಗುರುತು ಪಕ್ಕಾ. ಅದೇ ಒಡ್ಡಿನಲ್ಲಿ ಐದು ವರ್ಷದಿಂದ ಅದನ್ನು ನೋಡುತ್ತಿದ್ದಾರಂತೆ. "ಹಂಗಾದ್ರ ನಿಮ್ದ ಆತಲ್ಲ ಅಜ್ಜಾ" ಅಂದೆವು. "ನಂದ್ಯಾಕ ಆಗ್ತೈತಿ? ನನ್ನ ಕಂಡ್ರ ಓಡಂಗಿಲ್ಲ, ಅಷ್ಟ."

ಬೇಟೆಗೆ ನಾಯಿ ತಂದ ಹುಡುಗರನ್ನು ಎರಡು ಸಲ ಬೈದು ಓಡಿಸಿದ್ದೂ ಇದೇ ಅಜ್ಜ. ನಾವು ಸುದ್ದಿ ಬರೆದು ಕಳಿಸಿದೆವು. ಅಚ್ಚಾದಾಗ ಅಜ್ಜ ಇರಲಿಲ್ಲ. 'ಸ್ಥಳೀಯರು' ಎಂಬ ಒಂದು ಪದ ಇತ್ತು, ಉಳಿದದ್ದೆಲ್ಲ ಅಧಿಕಾರಿಯ ಮಾತು. ಆ ಅಧಿಕಾರಿ ಉಡವನ್ನೂ ನೋಡಿರಲಿಲ್ಲ, ಒಡ್ಡನ್ನೂ ನೋಡಿರಲಿಲ್ಲ. ಡೆಸ್ಕಿಗೆ ಫೋನ್ ಮಾಡಿದರೆ, "ಕುರಿ ಕಾಯೋರ ಹೇಳಿಕೆ ಯಾರು ಓದ್ತಾರೆ?" ಎಂಬ ಉತ್ತರ ಬಂತು. ನಮ್ಮ ಹಳ್ಳಿಗಳಲ್ಲಿ ಮಂದಣ್ಣಂದಿರಿಗೆ ಕೊರತೆಯಿಲ್ಲ. ಅವರ ಮಾತನ್ನು ಮಾತೆಂದು ಬರೆದುಕೊಳ್ಳುವವರು ಕಡಿಮೆ.

ಉಡಕ್ಕೆ ಇದು ಬದುಕಿನ ಪ್ರಶ್ನೆ. ಮಾಂಸ ತಿಂದರೆ ಶಕ್ತಿ, ಎಣ್ಣೆ ಹಚ್ಚಿದರೆ ಕೀಲುನೋವು ವಾಸಿ ಎಂಬ ನಂಬಿಕೆಗೆ ಅದು ಸಾಯುತ್ತಿದೆ. ಗಂಡು ಉಡದ ಜನನಾಂಗ ಒಣಗಿಸಿ 'ಹಥಾ ಜೋಡಿ' ಎಂಬ ಅದೃಷ್ಟದ ಬೇರು ಅಂತ ಆನ್‌ಲೈನ್‌ನಲ್ಲಿ ಮಾರಿದ ಮೋಸ 2017ರಲ್ಲಿ ಬಯಲಾಯಿತು. ಅದು ಬೇರಲ್ಲ, ಕೊಂದ ಪ್ರಾಣಿಯ ಅಂಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೇ, ಉಡವೂ ಇದೆ. ಕೊಂದರೆ ಕನಿಷ್ಠ 3 ವರ್ಷ ಜೈಲು.

ಕಾಯ್ದೆ ಪುಸ್ತಕದಲ್ಲಿರುತ್ತದೆ, ಉಡ ಒಡ್ಡಿನಲ್ಲಿರುತ್ತದೆ. ನಡುವೆ ಅದನ್ನು ದಿನಾ ನೋಡುವ ಒಬ್ಬರು ಬೇಕು.

ನಿಮ್ಮ ಹೊಲದಲ್ಲಿ ಉಡ ಕಂಡರೆ ದಾರಿ ಬಿಡಿ. ಮನೆಯೊಳಗೆ ಬಂದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಫೋಟೊ ತೆಗೆದರೆ ಜಾಗದ ಗುರುತು ಹಾಕಬೇಡಿ, ಬೇಟೆಯವರೂ ಫೋನ್ ನೋಡುತ್ತಾರೆ. ಎಷ್ಟು ದಿನದಿಂದ ನೋಡುತ್ತಿದ್ದೀರಿ, ಏನು ತಿನ್ನುತ್ತದೆ, ಯಾವಾಗ ಕಾಣುವುದಿಲ್ಲ, ಇಷ್ಟು ನಮಗೆ ಹೇಳಿ. ಇಲ್ಲಿ ಬರೆಯುವಾಗ 'ಸ್ಥಳೀಯರು' ಅನ್ನುವುದಿಲ್ಲ. ನೀವು ಒಪ್ಪಿದರೆ ನಿಮ್ಮ ಹೆಸರೇ ಹಾಕುತ್ತೇವೆ.