ಗಣಿತಕ್ಕ ಜ್ವರ ಬಂದೈತಿ

ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮನುಷ್ಯರು ಇರುವುದಿಲ್ಲ, ವಿಷಯಗಳು ಇರುತ್ತವೆ. "ಗಣಿತ ಇವತ್ತ ಬಂದಿಲ್ಲ, ಜ್ವರ ಅಂತ." "ಹಿಂದಿ ಬಸ್ ತಪ್ಪಿಸ್ಕೊಂಡೈತಿ, ಎರಡನೇ ಪಿರಿಯಡ್ಡಿಗೆ ಬರತೈತಿ." "ಸಮಾಜ ವಿಜ್ಞಾನದ ಮಗಳ ನಿಶ್ಚಯಕ್ಕ ಯಾರ್ಯಾರು ಹೊಂಟೀರಿ?" ಹೊರಗಿನವರು ಕೇಳಿದರೆ ಗಾಬರಿ ಬೀಳಬೇಕು. ನಮಗೆ ಮಾತ್ರ ಅದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ. ನನ್ನ ಹೆಸರು ಕನ್ನಡ. "ಕನ್ನಡಕ್ಕ ಬಿ.ಪಿ. ಐತಿ, ಉಪ್ಪು ಕಡಿಮಿ ಹಾಕವಾ" ಎಂದು ಹೆಡ್ ಮಾಸ್ತರರು ಬಿಸಿಯೂಟದ ಅಡುಗೆಯವಳಿಗೆ ಹೇಳುವಾಗ, ಒಂದು ಇಡೀ ಭಾಷೆಯ ರಕ್ತದೊತ್ತಡವನ್ನು ಹೊತ್ತವನ ಗಾಂಭೀರ್ಯದಿಂದ ನಾನು ತಟ್ಟೆಯ ಮುಂದೆ ಕೂತಿರುತ್ತಿದ್ದೆ.

ನಾನು ಹೇಳುತ್ತಿರುವುದು ಇಟಗಿಯ ಆಸುಪಾಸಿನ ಎರೆ ಹೊಲಗಳ ನಡುವಿನ ಒಂದು ಹೈಸ್ಕೂಲಿನ ಮಾತು. ಊರಿನ ಹೆಸರು ಬೇಡ. ಈ ಸೀಮೆಯ ಊರುಗಳು ಕೂತಲ್ಲೇ ಕೂತು ವಿಳಾಸ ಬದಲಿಸುವುದರಲ್ಲಿ ನಿಸ್ಸೀಮ. ಮೊದಲು ರಾಯಚೂರು ಜಿಲ್ಲೆ, 1997ರಲ್ಲಿ ಕೊಪ್ಪಳ ಜಿಲ್ಲೆ. ತಾಲ್ಲೂಕು ಮೊದಲು ಯಲಬುರ್ಗಾ, ಆಮೇಲೆ ಕುಕನೂರು. ಪ್ರತಿ ಸಲವೂ ಡ್ರಾಯಿಂಗ್ ಮಾಸ್ತರರು ಏಣಿ ಹತ್ತಿ ಬೋರ್ಡು ಬರೆದರು. ಕೆಳಗೆ ಏಣಿ ಹಿಡಿದು ನಿಲ್ಲುವುದಕ್ಕೆ ಮಾತ್ರ ಯಾವ ವಿಷಯವೂ ಬರಲಿಲ್ಲ. ಅವರ ಏಣಿ ಅವರದು, ನಮ್ಮ ಪಾಠ ನಮ್ಮದು.

ನನ್ನ ಕಾಲಕ್ಕೆ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಈ ಹೆಚ್ಚಿನ ಇಪ್ಪತ್ತೈದು ಅಂಕದ ಮೇಲೆ ನಾನು ಸರ್ವಿಸಿನುದ್ದಕ್ಕೂ ಸಣ್ಣದೊಂದು ಜಮೀನ್ದಾರಿಕೆ ನಡೆಸಿದೆ. ಫಲಿತಾಂಶದ ದಿನ ಹೆಡ್ ಮಾಸ್ತರರ ಮೇಜಿನ ಮೇಲೆ ಪಟ್ಟಿ ಬೀಳುತ್ತಿತ್ತು: ಯಾವ ವಿಷಯದಲ್ಲಿ ಶೇಕಡಾ ಎಷ್ಟು. ಯಾವ ಹುಡುಗ ಪಾಸಾದ, ಯಾವ ಹುಡುಗಿ ಡುಮ್ಕಿ ಹೊಡೆದಳು ಎಂದು ನೋಡುವುದು ಆಮೇಲಿನ ಮಾತು. ಎಲ್ಲರ ಕಣ್ಣೂ ಮೊದಲು ತಮ್ಮ ಕಾಲಮ್ಮಿಗೆ, ಅಲ್ಲಿಂದ ಪಕ್ಕದವರ ಕಾಲಮ್ಮಿಗೆ. ಕನ್ನಡದಲ್ಲಿ ನೂರಕ್ಕೆ ನೂರು ಬಂದ ವರ್ಷ ಗಣಿತದ ಮಾಸ್ತರರು, "ಕನ್ನಡ ಬಿಡ್ರಿ, ಅದು ಹುಡುಗರು ಅವ್ವನ ಹೊಟ್ಟ್ಯಾಗಿಂದ ಕಲತ ಬಂದಿರತಾರ" ಅಂದರು. ನಾನು, "ಕೂಡಿಸೋದು ಕಳಿಯೋದೂ ಸಂತ್ಯಾಗ ಕಲತಿರತಾರಲ್ರಿ" ಅಂದೆ. ಆ ವರ್ಷ ಮೊಹರಂ ರಜೆಯವರೆಗೂ ನಮ್ಮಿಬ್ಬರ ನಡುವೆ ಹಾಜರಿ ಪುಸ್ತಕ ದಾಟಿಸುವಷ್ಟೇ ಸಂಬಂಧ ಉಳಿಯಿತು.

ರಾಜ್ಯದ ಪಟ್ಟಿ ಬಂದರೂ ಇದೇ ಕಥೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. ಕಲ್ಯಾಣ ಕರ್ನಾಟಕದ ನಾವು ಪತ್ರಿಕೆಯ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದಕ್ಕೆ ಒಗ್ಗಿದವರು. ನಮ್ಮ ಜಿಲ್ಲೆ ಬೇಗ ಸಿಗುತ್ತದೆ.

ಹೀಗಿರುವ ನಮ್ಮನ್ನು ಒಂದು ಮಾಡಲೆಂದು ಆಗಾಗ ತರಬೇತಿಗಳಾಗುತ್ತಿದ್ದವು. ಸಂಪನ್ಮೂಲ ವ್ಯಕ್ತಿ ನಮ್ಮನ್ನು ಗೋಲಾಗಿ ನಿಲ್ಲಿಸಿ, ಒಬ್ಬರ ಕೈ ಒಬ್ಬರಿಗೆ ಹಿಡಿಸಿ, ಹಳೇ ಪೇಪರಿನಲ್ಲಿ ಗೋಪುರ ಕಟ್ಟಲು ಹೇಳುತ್ತಿದ್ದರು. ಬಿ.ಇಡಿ. ಮಾಡಿದ ನಲವತ್ತು ಜನ, ಅದರಲ್ಲಿ ಅರ್ಧಕ್ಕರ್ಧ ಮೊಣಕಾಲು ನೋವಿನವರು, ನೆಲಕ್ಕೆ ಕೂತು ಗೋಂದು ಹಚ್ಚುತ್ತಿದ್ದೆವು. ಆಮೇಲೆ ಮಳೆ ಚಪ್ಪಾಳೆ. ಮೊದಲು ಒಂದು ಬೆರಳು, ಆಮೇಲೆ ಎರಡು, ಹೀಗೆ ಐದು ಬೆರಳಿಗೆ ಬರುವ ಹೊತ್ತಿಗೆ ಸಭಾಂಗಣದಲ್ಲಿ ಜಡಿಮಳೆ. ಹೊರಗೆ ನೋಡಿದರೆ ಜೋಳ ಒಣಗುತ್ತಿರುವ ಬಿಸಿಲು. ಊಟ ಮಾಡಿ, ಪ್ರಯಾಣ ಭತ್ಯೆಗೆ ಸಹಿ ಹಾಕಿ, ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ತಿರುಗಿ ಬರುತ್ತಿದ್ದೆವು. ಆ ಸಂಪನ್ಮೂಲ ವ್ಯಕ್ತಿಯನ್ನು ನೋಡಿ ನಗುವುದಕ್ಕೆ ನನಗೆ ಮನಸ್ಸಿಲ್ಲ. ಪಾಪ, ಅವರೂ ಯಾವುದೋ ಶಾಲೆಯ ವಿಜ್ಞಾನವೇ ಆಗಿದ್ದರು.

ನಮ್ಮನ್ನು ಒಂದು ಮಾಡಿದ್ದು ಗೋಪುರವಲ್ಲ, ಒಬ್ಬ ಹುಡುಗ.

ಅವನ ಅಪ್ಪ ಅವ್ವ ಮಂಗಳೂರಿಗೆ ಗುಳೆ ಹೋಗಿದ್ದರು. ಹುಡುಗ ಆಯಿಯ ಹತ್ತಿರ ಉಳಿದು ಎರಡು ಆಡು ಕಾಯುತ್ತ, ಹತ್ತನೆಯ ಇಯತ್ತೆಯನ್ನು ಆಡುಗಳ ಅನುಕೂಲ ನೋಡಿ ಓದುತ್ತಿದ್ದ. ಹತ್ತಿ ಬಿಡಿಸುವ ಕಾಲಕ್ಕೆ ಪೂರ್ತಿ ನಾಪತ್ತೆಯಾದ. ಮನೆ ಭೇಟಿ ಮಾಡಲೇಬೇಕಿತ್ತು. ಆದರೆ ಗಣಿತದ ಮಾಸ್ತರರ ಗಾಡಿ ರಿಪೇರಿಗೆ ಹೋಗಿದ್ದರಿಂದ, ಒಲ್ಲದ ಮನಸ್ಸಿನಿಂದ ಅವರು ಡ್ರಿಲ್ ಮಾಸ್ತರರ ಬೈಕಿನ ಹಿಂದೆ ಕೂತರು. ದೂರದಿಂದ ಗಣಿತದವರನ್ನು ಕಂಡ ಹುಡುಗ, "ಆಯಿ, ಗಣಿತ ಬಂತು!" ಎಂದು ಕೂಗಿ ಹಿತ್ತಲ ಗೋಡೆ ಜಿಗಿದ. ನಾವು ಸ್ಟಾಫ್ ರೂಮಿನಲ್ಲಿ ಗುಟ್ಟಾಗಿ ಇಟ್ಟುಕೊಂಡಿದ್ದ ಹೆಸರುಗಳು ಹುಡುಗರಲ್ಲಿ ಎಂದೋ ಬಳಕೆಯಲ್ಲಿದ್ದವು. ಡ್ರಿಲ್ ಮಾಸ್ತರರಿಗೆ ಆಟದ ಹುಡುಗರ ಕಾಲಿನ ಮೇಲೆ ಒಳ್ಳೆಯ ಅಂದಾಜು. ಅವರು ಮೊದಲೇ ಹಿತ್ತಲಿಗೆ ಹೋಗಿ ನಿಂತಿದ್ದರು. ಒಬ್ಬರು ಮುಂಬಾಗಿಲಿಗೆ, ಒಬ್ಬರು ಹಿಂಬಾಗಿಲಿಗೆ. ಶಿಕ್ಷಕರ ಸಹಕಾರ ಎಂಬುದನ್ನು ನಮ್ಮ ಶಾಲೆಯಲ್ಲಿ ಮೊದಲು ಸಾಧಿಸಿ ತೋರಿಸಿದವರು ಇವರಿಬ್ಬರೇ.

ಆಯಿ ಚಹಾ ಕೊಟ್ಟಳು. ಬಟ್ಟಲು ಇಡಲು ಜಾಗ ಹುಡುಕಿದಾಗ ಗೂಡಿನಲ್ಲಿದ್ದ ಒಂದು ನೋಟ್ಸ್ ಪುಸ್ತಕ ಗಣಿತದ ಮಾಸ್ತರರ ಕೈಗೆ ಬಂತು. ಓಣಿಯ ಹೆಂಗಸರ ಸಂಘದ ಲೆಕ್ಕ. ಯಾರು ಎಷ್ಟು ಎತ್ತಿದರು, ಎಷ್ಟು ಕಂತು ಕಟ್ಟಿದರು, ಬಡ್ಡಿ ಎಷ್ಟು, ಬಾಕಿ ಎಷ್ಟು: ಎಲ್ಲವೂ ಗೆರೆ ಹೊಡೆದು ಮನೆ ಮಾಡಿ ಬರೆದದ್ದು, ಒಂದು ಪೈಸೆ ತಪ್ಪಿಲ್ಲ. ಬರೆದವನು ಯಾರು ಎಂದರೆ, ಡ್ರಿಲ್ ಮಾಸ್ತರರು ರಟ್ಟೆ ಹಿಡಿದುಕೊಂಡು ನಿಂತಿದ್ದ ಹುಡುಗ. ಸರಳ ಬಡ್ಡಿಯ ಕಿರುಪರೀಕ್ಷೆಯಲ್ಲಿ ಅವನಿಗೆ ಸೊನ್ನೆ ಬಂದಿತ್ತು. "ಯಾಕೋ?" ಎಂದು ಕೇಳಿದ್ದಕ್ಕೆ, "ಅದರಾಗ ಯಾರ ಸಾಲನೂ ಇರಂಗಿಲ್ಲಲ್ರಿ ಸರ" ಅಂದನಂತೆ.

ಮರುದಿನ ಗಣಿತದ ಮಾಸ್ತರರು ಈ ಸುದ್ದಿ ಹೇಳುವಾಗ ಅವರ ದನಿಯಲ್ಲಿ ಯಾವತ್ತೂ ಇಲ್ಲದ ಮೆದುತನವಿತ್ತು. ಹಿಂದಿಯವರು, "ಅವ ನನ್ನ ಕ್ಲಾಸಿನಾಗ ಬಾಯೇ ಬಿಡಂಗಿಲ್ರಿ" ಅಂದರು. ಡ್ರಿಲ್ ಮಾಸ್ತರರಿಗೆ ನಗು. ಕಬಡ್ಡಿ ಅಂಗಳದಲ್ಲಿ ಅವನ ಬಾಯಿ ಮುಚ್ಚಿಸುವುದೇ ಅವರ ಕೆಲಸವಂತೆ. ಇಂಗ್ಲಿಷ್ ಮೇಡಂ, ಅವನು ಸ್ಪೆಲ್ಲಿಂಗ್ ತಪ್ಪಿದರೂ ಅಕ್ಷರ ಮುತ್ತಿನ ಹಾಗೆ ಅಂದರು. ನನ್ನ ಬಳಿ ಅವನು ಆಡಿನ ಮೇಲೆ ಬರೆದ ಒಂದು ಪ್ರಬಂಧವಿತ್ತು, ಓದಿದೆ. ಒಬ್ಬನೇ ಹುಡುಗನ ಆರನೇ ಒಂದು ಪಾಲನ್ನು ಒಬ್ಬೊಬ್ಬರು ಕಂಡು, ಇವನು ಇಷ್ಟೇ ಎಂದು ಷರಾ ಬರೆದು ಬಿಟ್ಟಿದ್ದೆವು. ಅಂದು ಮಾತು ಎಷ್ಟು ಬೆಳೆಯಿತೆಂದರೆ ಗದಗಿನ ಬಸ್ಸು ಹೋದದ್ದೇ ಗೊತ್ತಾಗಲಿಲ್ಲ. ಮುಂದಿನ ಬಸ್ಸಿನವರೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ, ಇನ್ನೂ ನಾಲ್ಕು ಹುಡುಗರ ಜಾತಕ ಬಿಚ್ಚಿದೆವು.

ಬಸ್ಸಿನ ಮಾತು ಬಂತು. ನಮ್ಮ ಭಾಗದ ಹೈಸ್ಕೂಲುಗಳ ಒಗ್ಗಟ್ಟು ಕೆಟ್ಟಿರುವುದು ಜಗಳದಿಂದಲ್ಲ, ಅಪ್ ಆಂಡ್ ಡೌನಿನಿಂದ. ಗದಗಿನಿಂದ ಒಬ್ಬರು, ಕೊಪ್ಪಳದಿಂದ ಇಬ್ಬರು, ಬನ್ನಿಕೊಪ್ಪ ಸ್ಟೇಶನ್ನಿನಲ್ಲಿ ಇಳಿದು ಬರುವವರೊಬ್ಬರು. ಗಂಟೆ ಬಾರಿಸುವ ಸಿಪಾಯಿ ಕೈ ಎತ್ತುವುದನ್ನು ಹುಡುಗರಿಗಿಂತ ಹೆಚ್ಚು ಆಸೆಯಿಂದ ನಾವು ನೋಡುತ್ತಿದ್ದೆವು. ಇದೇ ಸೀಮೆಯಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ಶಾಲೆಯ ಕಲಿಕೆ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲಕ್ಕೆ, 1922ರಲ್ಲಿ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿತು. ಗುರುಕುಲವೆಂದ ಮೇಲೆ ಗುರುಗಳಿಗೆ ಸಂಜೆಯ ಬಸ್ಸಿನ ಚಿಂತೆ ಇರಲಿಕ್ಕಿಲ್ಲ. ಆ ಕಾಲ ಮತ್ತೆ ಬರಲೆಂದು ನಾನು ಹೇಳುವುದಿಲ್ಲ. ನಮಗೂ ಹೆಂಡತಿ ಮಕ್ಕಳು, ಅವರಿಗೂ ಶಾಲೆ. ಆದರೂ ವಾರಕ್ಕೊಮ್ಮೆ ಒಂದು ಬಸ್ಸು ತಪ್ಪಿದರೆ ಶಾಲೆಗೆ ಒಳ್ಳೆಯದೆಂದು ಅಂದಿನಿಂದ ನನಗೆ ನಂಬಿಕೆ.

ಆ ಜನವರಿಯಲ್ಲಿ ಹತ್ತನೆಯವರನ್ನು ಕರೆದುಕೊಂಡು ಎಲ್ಲರೂ ಇಟಗಿಗೆ ಹೋದೆವು. ಮೊದಲಾದರೆ ಮಹಾದೇವ ದೇವಾಲಯ ಸಮಾಜ ವಿಜ್ಞಾನದವರ ಸ್ವಂತ ಆಸ್ತಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ, ಅವನ ದಂಡನಾಯಕ ಮಹಾದೇವ, ಕ್ರಿ.ಶ. 1112, ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಎಂಬ ಬಿರುದು. ಇಷ್ಟನ್ನು ಅವರು ಒಂದೇ ಉಸಿರಿಗೆ ಹೇಳಿ ನೀರು ಕುಡಿಯುತ್ತಿದ್ದರು. ಈ ಸಲ ಅವರು ನೀರು ಕುಡಿಯುವಷ್ಟರಲ್ಲಿ ವಿಜ್ಞಾನದ ಮೇಡಂ ಮಾತು ಎತ್ತಿಕೊಂಡರು: ಇದು ಬಳಪದ ಕಲ್ಲು, ಮೆದು, ಅದಕ್ಕೇ ಉಳಿ ಇಷ್ಟು ಸಣ್ಣ ಕೆಲಸ ಮಾಡಿದೆ. ಗಣಿತದ ಮಾಸ್ತರರು ಹುಡುಗರ ಕೈಗೆ ದಾರ ಕೊಟ್ಟು ತಿರುಗಣಿಯಲ್ಲಿ ಕಡೆದಂತಿರುವ ಕಂಬಗಳ ಸುತ್ತಳತೆ ತೆಗೆಸಿದರು. ಮಂಟಪದ ಕಂಬ ಎಣಿಸಲು ಹೋದ ಮೂರು ಗುಂಪುಗಳು ಮೂರು ಲೆಕ್ಕ ತಂದವು. ಮಹಾದೇವ ತನ್ನ ತಂದೆ ತಾಯಿಯ ನೆನಪಿಗೂ ಆವರಣದಲ್ಲಿ ಮೂರ್ತಿನಾರಾಯಣ, ಚಂದ್ರಲೇಶ್ವರಿ ಎಂದು ಗುಡಿ ಕಟ್ಟಿಸಿದನಲ್ಲ, ಆ ಜಾಗಕ್ಕೆ ಬಂದಾಗ ಹೆಡ್ ಮಾಸ್ತರರು, "ನೋಡ್ರಿ, ದೊಡ್ಡ ಹುದ್ದೇಕ ಹೋದ ಮ್ಯಾಲೂ ಪಾಲಕರನ್ನ ಮರತಿಲ್ಲ, ನೀವು ಪಾಲಕರ ಸಭಾದ ಚೀಟಿ ಮನಿಗೆ ಮುಟ್ಟಸಂಗಿಲ್ಲ" ಎಂದು ಸಿಕ್ಕಿದ ಅವಕಾಶ ಬಿಡಲಿಲ್ಲ. ಪುಷ್ಕರಣಿಯ ಮೆಟ್ಟಿಲ ಮೇಲೆ ಎಲ್ಲರೂ ಬುತ್ತಿ ಬಿಚ್ಚಿದಾಗ ಅಲ್ಲಿ ಕೂತಿದ್ದ ಊರ ಮುದುಕರೊಬ್ಬರು ಬಹಳ ಹೊತ್ತು ನಮ್ಮನ್ನೇ ನೋಡಿ ಕೇಳಿದರು: "ನೀವು ಎಲ್ಲಾರೂ ಒಂದ ಸಾಲಿ ಮಾಸ್ತರೇನ್ರಿ?" ಹೌದೆಂದೆವು. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಹುಡುಗ ಪಾಸಾದ. ಗಣಿತದಲ್ಲಿ 38. ಪ್ರತಿಭಾ ಪುರಸ್ಕಾರಕ್ಕೆ ಆ ಅಂಕ ಸಾಲದು. ಅದಕ್ಕೆ ಏನಿದ್ದರೂ ಶಾಲೆಗೆ ಪ್ರಥಮ ಬೇಕು. ಪುರಸ್ಕಾರದ ಫ್ಲೆಕ್ಸುಗಳನ್ನು ನೀವೂ ನೋಡಿರುತ್ತೀರಿ. ಮೇಲೆ ಕೈಮುಗಿದ ಮುಖಂಡರು, ನಡುವೆ ಶುಭ ಕೋರುವವರು, ಕೆಳಗೆ ಮೂಲೆಯಲ್ಲಿ ಸ್ಟ್ಯಾಂಪಿನಷ್ಟು ಜಾಗದಲ್ಲಿ ಹಾಲ್ ಟಿಕೆಟ್ಟಿನಿಂದ ಕತ್ತರಿಸಿದ ಹುಡುಗಿಯ ಮುಖ. ವೇದಿಕೆಯ ಮೇಲೆ ಹತ್ತು ಶಾಲು ಅತಿಥಿಗಳಿಗೆ, ಒಂದು ಪೆನ್ನು ವಿದ್ಯಾರ್ಥಿಗೆ.

ಆ ವರ್ಷ ನಮ್ಮ ಹೆಡ್ ಮಾಸ್ತರರು ಬೇರೆಯೊಂದು ಸಭೆ ಕರೆದರು. ಪಾಸಾದವರೆಲ್ಲ, ಮರುಪರೀಕ್ಷೆಗೆ ಕೂಡುವವರೆಲ್ಲ ಬರಬೇಕು. ಅತಿಥಿಗಳಿಲ್ಲ, ಶಾಲಿಲ್ಲ. ಒಂದೇ ಕರಾರು: ಯಾವ ಶಿಕ್ಷಕರೂ ತಮ್ಮ ವಿಷಯದ ಮಾತಾಡಬಾರದು, ಮಗು ಬೇರೆಯವರ ವಿಷಯದಲ್ಲಿ ಮಾಡಿದ್ದನ್ನು ಹೇಳಬೇಕು. ಇಷ್ಟು ಕಷ್ಟದ ಪ್ರಶ್ನೆಪತ್ರಿಕೆ ನಮಗೆ ಯಾರೂ ಕೊಟ್ಟಿರಲಿಲ್ಲ. ಸಭೆಯ ಹಿಂದಿನ ದಿನ ಹಿಂದಿ ಹೋಗಿ ಸಮಾಜ ವಿಜ್ಞಾನವನ್ನು ಕೇಳಿತು, ಇಂಗ್ಲಿಷ್ ಹೋಗಿ ಡ್ರಿಲ್ಲನ್ನು ಕೇಳಿತು. ಗಣಿತದ ಮಾಸ್ತರರು ಎದ್ದು ನಿಂತು, ಕನ್ನಡಕ ಏರಿಸಿ, ಆಡಿನ ಮೇಲಿನ ಆ ಪ್ರಬಂಧವನ್ನು ಪೂರ್ತಿ ಓದಿದರು. ನಾನು ಸಂಘದ ಬಡ್ಡಿಯ ಲೆಕ್ಕ ಹೇಳಿದೆ, ಅವರೇ ಪಕ್ಕದಿಂದ ಎರಡು ಸಲ ತಿದ್ದಿದರು. ಹುಡುಗನ ಆಯಿ ಮುಂದಿನ ಸಾಲಿನಲ್ಲಿ ಕೂತು, ಯಾರು ಮಾತಾಡಿದರೂ ಚಪ್ಪಾಳೆ ತಟ್ಟುತ್ತಿದ್ದಳು.

ಒಂದು ಕುರ್ಚಿ ಮಾತ್ರ ಖಾಲಿ. ವಿಜ್ಞಾನದ ಮೇಡಂ ಅತಿಥಿ ಶಿಕ್ಷಕಿ. ಅತಿಥಿ ಶಿಕ್ಷಕರ ಅವಧಿ ಪಾಠದ ವರ್ಷದೊಂದಿಗೇ ಮುಗಿಯುತ್ತದೆ. ಫಲಿತಾಂಶ ಬರುವ ಹೊತ್ತಿಗೆ ಅವರ ಹೆಸರು ಹಾಜರಿಯಲ್ಲಿ ಇರುವುದಿಲ್ಲ. ಫೋನು ಮಾಡಿದರೆ, "ನಾನು ಈಗ ನಿಮ್ಮ ಸಾಲ್ಯಾಗ ಇಲ್ಲಲ್ರಿ ಸರ, ಹೆಂಗ ಬರಲಿ?" ಅಂದರು. ಹೆಡ್ ಮಾಸ್ತರರು ಫೋನನ್ನು ಹುಡುಗರ ಕಡೆ ಹಿಡಿದರು. ಅವರು ಕೂಗಿದ್ದು "ಮೇಡಂ" ಎಂದಲ್ಲ, "ವಿಜ್ಞಾನಾ, ಬರ್ರಿ!" ಎಂದು. ಆ ಕಡೆಯಿಂದ ನಗು ಕೇಳಿತು, ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಸ್ವಂತ ಖರ್ಚಿನಲ್ಲಿ ಬಸ್ಸು ಹಿಡಿದು ಬಂದರು. ಸಭೆ ಮುಗಿದಿತ್ತು, ಹುಡುಗರು ಹೋಗಿರಲಿಲ್ಲ. ಮುಂದಿನ ವರ್ಷದ ನೇಮಕದಲ್ಲಿ ಅವರಿಗೆ ನಮ್ಮ ಶಾಲೆ ಸಿಗಲಿಲ್ಲ.

ಈಗ ನಾನು ನಿವೃತ್ತ. ಕನ್ನಡ ಎಂದರೆ ಇನ್ನೊಬ್ಬರು. ಹೈಸ್ಕೂಲಿನಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಮಾತು ನಡೆಸಿಕೊಡಿ. ಈ ಸಲದ ಫಲಿತಾಂಶ ಬಂದಾಗ ಫ್ಲೆಕ್ಸಿನವನಿಗೆ ಹೇಳುವ ಮೊದಲು, ಮಾರ್ಚಿಗೇ ಮನೆಗೆ ಹೋದ ಅತಿಥಿ ಶಿಕ್ಷಕರಿಗೆ ಒಂದು ಫೋನು ಮಾಡಿ. ಹಾಗೆಯೇ ಪಕ್ಕದ ಕುರ್ಚಿಯವರನ್ನು, ನಿಮ್ಮ ವಿಷಯದಲ್ಲಿ ಎಷ್ಟು ಎನ್ನದೆ, ಇಂಥ ಹುಡುಗ ನಿಮ್ಮಲ್ಲಿ ಹೇಗಿದ್ದ ಎಂದು ಕೇಳಿ. ಬಸ್ಸು ತಪ್ಪಿದರೆ ತಪ್ಪಲಿ, ಗದಗಿಗೆ ಇನ್ನೊಂದು ಬರುತ್ತದೆ.