ವೈಸ್ ಗ್ರಿಪ್ಪಿನ ಹಲ್ಲು

ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಮನೆಯಲ್ಲೇ ಅದನ್ನು ಕೆಡಿಸಿಕೊಂಡ ಮೇಲೂ ಈ ಮಾತನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ. ಮುಂದಿನ ಚಕ್ರಗಳದ್ದು ಬೇರೆ ಕಥೆ. ಅಲ್ಲಿ ಸಾಮಾನ್ಯವಾಗಿ ಸ್ಪ್ರಿಂಗು, ಶಾಕು ಒಂದಕ್ಕೊಂದು ಸುತ್ತಿಕೊಂಡು ಕೂತಿರುತ್ತವೆ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈಯೋ ಮುಖವೋ ಹೋದೀತು. ನನ್ನದರಂಥ ಎಷ್ಟೋ ಚಿಕ್ಕ ಕಾರುಗಳಲ್ಲಿ ಹಿಂದೆ ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಕೆಳಗೊಂದು ಬೋಲ್ಟು, ಮೇಲೊಂದು ನಟ್ಟು, ಅಷ್ಟೇ. ಇಷ್ಟು ಸುಲಭವಾಗಿ ಕಂಡದ್ದೇ ನನಗೆ ಮುಳುವಾಯಿತು.

ಶಾಕ್ ಹೋಗಿದೆ ಎಂದು ಮೊದಲು ಹೇಳಿದವರು ಹಿಂದಿನ ಸೀಟಿನಲ್ಲಿದ್ದ ಅಮ್ಮ. "ಇದೇನೋ, ದೋಣೀಲಿ ಕೂತ ಹಾಗಾಗ್ತಿದೆ" ಅಂದರು. ಡಿಕ್ಕಿಯ ಮೂಲೆಯನ್ನು ಒತ್ತಿ ಬಿಟ್ಟರೆ ಕಾರು ಒಂದು ಸಲ ಎದ್ದು ನಿಲ್ಲಬೇಕು. ನಮ್ಮದು ತೂಗಾಡುತ್ತಲೇ ಇತ್ತು. ಕಾರಿನ ಭಾರ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದಷ್ಟೇ ಶಾಕಿನ ಕೆಲಸ: ಒಳಗಿನ ಎಣ್ಣೆಯನ್ನು ಸಣ್ಣ ಕಿಂಡಿಗಳಲ್ಲಿ ಹಾಯಿಸಿ ಆ ಕುಣಿತವನ್ನು ಬಿಸಿಯಾಗಿ ಕಳೆಯುತ್ತದೆ. ಎಣ್ಣೆ ಸೋರಿತೆಂದರೆ ಚಕ್ರ ರಸ್ತೆಯನ್ನು ಸರಿಯಾಗಿ ಕಚ್ಚುವುದಿಲ್ಲ, ಟೈರು ಅಲ್ಲಲ್ಲಿ ಸವೆಯುತ್ತದೆ, ಬ್ರೇಕ್ ಹಾಕಿದರೆ ಕಾರು ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ.

ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ದಾರಿಯಲ್ಲಿ ಓಡಾಡುವ ಕಾರಿನ ಬೋಲ್ಟು ತುಕ್ಕು ಹಿಡಿಯದೆ ಇರುತ್ತದೆಯೆ? ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಶಾಕ್ ಬಿಚ್ಚಿದೊಡನೆ ಆಕ್ಸಲ್ ಜೋತುಬಿದ್ದು ಬ್ರೇಕ್ ಹೋಸನ್ನು ಎಳೆಯದಿರಲಿ ಎಂದು ಅದರಡಿಗೂ ಜಾಕು ಕೊಟ್ಟೆ. ಬಲಗಡೆಯದು ಸಲೀಸಾಗಿ ಕೂತಿತು. ಎಡಗಡೆ ಮೇಲಿನ ನಟ್ಟು ಬಿಗಿ ಮಾಡಲು ಹೋದರೆ ನಟ್ಟಿನ ಜೊತೆ ಶಾಕಿನ ರಾಡೂ ತಿರುಗತೊಡಗಿತು. ಬೆವರು, ಸೊಳ್ಳೆ, ಮೇಲೆ ಮೋಡ. ರಬ್ಬರಿನ ಮುಸುಕನ್ನು ಮೇಲೆ ಸರಿಸಿ, ಹೊಳೆಯುವ ರಾಡನ್ನು ವೈಸ್ ಗ್ರಿಪ್ಪಿನಲ್ಲಿ ಕಚ್ಚಿ ಹಿಡಿದೆ. ನಟ್ಟು ಕೂತಿತು. ಮುಸುಕನ್ನು ಕೆಳಗಿಳಿಸಿದೆ.

ಕೆಲವು ತಿಂಗಳು ಕಾರು ಹೊಸದರಂತೆ ಓಡಿತು. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಉಂಟು. ಆಮೇಲೆ ಎಡಗಡೆಯ ಶಾಕಿನ ಮೈತುಂಬ ಎಣ್ಣೆ, ಅದರ ಮೇಲೆ ಕಪ್ಪು ಧೂಳು. ಬಿಚ್ಚಿಕೊಂಡು ಶಿವಮೊಗ್ಗದ ಬಿಡಿಭಾಗದ ಅಂಗಡಿಗೆ ಹೋಗಿ, ನಾಲ್ಕು ಜನರೆದುರು, "ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಿ" ಎಂದು ಕೂಗಾಡಿದೆ.

ಅಂಗಡಿಯವರು ಮಾತಾಡಲಿಲ್ಲ. ವೇಸ್ಟ್ ಬಟ್ಟೆಯಿಂದ ರಾಡ್ ಒರೆಸಿ, ಮುಸುಕು ಸರಿಸಿ, ಉಗುರನ್ನು ಮೇಲಿಂದ ಕೆಳಕ್ಕೆ ಎಳೆದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು. "ಇಲ್ಲಿ ಏನು ಹಾಕಿ ಹಿಡಿದಿದ್ರಿ ಸಾರ್?" ಹಲ್ಲಿನ ಗುರುತುಗಳು ಸಾಲಾಗಿ ಎದ್ದು ಕಾಣುತ್ತಿದ್ದವು.

ಆ ರಾಡಿನ ಮೇಲೆ ಗಟ್ಟಿ ಕ್ರೋಮ್ ಲೇಪ ಇರುತ್ತದೆ. ಸೀಲಿನ ರಬ್ಬರ್ ತುಟಿ ಅದರ ಮೇಲೆಯೇ ಜಾರುತ್ತದೆ. ಗೀರಿನ ಅಂಚು ಹಾದಾಗಲೆಲ್ಲ ತುಟಿ ಕೊಯ್ಯುತ್ತದೆ. ಹಾಗಾದರೆ ಮೊದಲ ದಿನವೇ ಯಾಕೆ ಸೋರಲಿಲ್ಲ? ನಾನು ಹಿಡಿದದ್ದು ರಾಡಿನ ತೀರಾ ಮೇಲ್ಭಾಗ. ಖಾಲಿ ಕಾರಿನಲ್ಲಿ ಅದು ಸೀಲಿನವರೆಗೆ ಇಳಿಯುವುದೇ ಇಲ್ಲ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಎದುರಿಗೆ ದೊಡ್ಡ ಗುಂಡಿ ಬಂದಾಗ ಮಾತ್ರ ರಾಡು ಅಷ್ಟು ಆಳಕ್ಕೆ ಹೋಗುತ್ತದೆ. ಈ ತಡದಿಂದಲೇ ನನ್ನ ಕೈಕೆಲಸದ ಮೇಲೆ ಅನುಮಾನ ಬರಲಿಲ್ಲ. ಬೈಗುಳ ಅಂಗಡಿಯವರ ಪಾಲಾಯಿತು. ಕ್ಷಮೆ ಕೇಳಿ, ದುಡ್ಡು ಕೊಟ್ಟು ಇನ್ನೊಂದು ಕೊಂಡೆ. ಅದರ ರಾಡಿನ ತುದಿಯನ್ನು ಅವರೇ ತೋರಿಸಿದರು: ಚಿಕ್ಕ ಸ್ಪ್ಯಾನರ್ ಕೂರಲೆಂದೇ ಎರಡು ಬದಿ ಚಪ್ಪಟೆ ಮಾಡಿದ್ದರು. ಹಳೆಯದರಲ್ಲೂ ಅದು ಇತ್ತು, ನಾನು ನೋಡಿಯೂ ಇದ್ದೆ. ಯಾಕಿರಬಹುದು ಎಂದು ಮಾತ್ರ ಯೋಚಿಸಿರಲಿಲ್ಲ.

ಇನ್ನೊಂದು ತಪ್ಪನ್ನು ಯಾರೂ ತೋರಿಸಬೇಕಾಗಲಿಲ್ಲ. ಹೊಸದನ್ನು ಹಾಕುವ ಮೊದಲು, ಯಾವುದಕ್ಕೂ ಇರಲಿ ಎಂದು ಬಲಗಡೆಯ ಕೆಳಬೋಲ್ಟನ್ನೂ ಸಡಿಲಿಸಿದೆ. ಬೋಲ್ಟು ತೂರುವ ಶಾಕಿನ ಕಣ್ಣು ತಟ್ಟನೆ ಅರ್ಧ ಬೆರಳಿನಷ್ಟು ತಿರುಗಿಕೊಂಡಿತು. ಅದರೊಳಗಿನ ರಬ್ಬರ್ ಬುಷ್ ಇಷ್ಟು ದಿನವೂ ತಿರುಚಿಕೊಂಡೇ ಕೂತಿತ್ತು. ಚಕ್ರ ನೇತಾಡುತ್ತಿರುವಾಗಲೇ ನಾನು ಬೋಲ್ಟನ್ನು ಬಲವಾಗಿ ಬಿಗಿದಿದ್ದೆ. ಕಾರು ನೆಲಕ್ಕಿಳಿದಾಗ ಬುಷ್ ಹಿಂಡಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಬೇಗನೆ ಹರಿಯುತ್ತಿತ್ತು.

ನೀವೂ ಈ ಕೆಲಸಕ್ಕೆ ಕೈಹಾಕುವವರಾದರೆ ಕೆಳಬೋಲ್ಟನ್ನು ಮೊದಲು ಕೈಬಿಗಿಯಲ್ಲೇ ಬಿಡಿ. ಕಾರು ಇಳಿಸಿ, ಭಾರ ಪೂರ್ತಿ ಚಕ್ರಗಳ ಮೇಲೆ ಬಿದ್ದ ಮೇಲೆ ಬಿಗಿ ಮಾಡಿ. ವೈಸ್ ಗ್ರಿಪ್ಪನ್ನು ಮನೆಯೊಳಗೇ ಇಟ್ಟು ಬನ್ನಿ.